ಸಬ್ ಸುಟ್ಟಿದ್ದು ಆಂಪ್ ಚಿಕ್ಕದಾಗಿದ್ದಕ್ಕಾ, ದೊಡ್ಡದಾಗಿದ್ದಕ್ಕಾ?

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಸ್ವಿಫ್ಟ್, ಊರು ಹಾಸನ. ಆರು ತಿಂಗಳ ಹಿಂದೆ ಸೌಂಡ್ ಸಿಸ್ಟಂ ಹಾಕಿಸಿದೆ. ಮುಂದಿನ ಬಾಗಿಲುಗಳಿಗೆ 60 ವ್ಯಾಟ್ ಆರ್‌ಎಂಎಸ್‌ನ ಕಾಂಪೊನೆಂಟ್ ಸ್ಪೀಕರ್. ಡಿಕ್ಕಿಯಲ್ಲಿ ಬೇಸ್‌ಗೆಂದೇ 12 ಇಂಚಿನ ಸಬ್‌ವೂಫರ್, ಪೋರ್ಟ್ (ಗಾಳಿಯ ತೂತು) ಇರುವ ಬಾಕ್ಸ್. ಸಬ್ ಡಬ್ಬಿಯ ಮೇಲೆ 1400 ವ್ಯಾಟ್ ಅಂತಿದೆ, ಒಳಗಿನ ಚೀಟಿಯಲ್ಲಿ 350 ವ್ಯಾಟ್ ಆರ್‌ಎಂಎಸ್, ಡ್ಯುಯಲ್ ಕಾಯಿಲ್, 4+4 ಓಮ್. ಆಂಪ್ (ಆಂಪ್ಲಿಫೈಯರ್) ನಾಲ್ಕು ಚಾನೆಲ್, ಕ್ಲಾಸ್ ಎಬಿ. ಮೇಲೆ 2000 ವ್ಯಾಟ್ ಅಂತಿದೆ. ಅದರ ಪುಸ್ತಕದಲ್ಲಿ ಮಾತ್ರ ಚಾನೆಲ್‌ಗೆ 4 ಓಮ್‌ನಲ್ಲಿ 75 ವ್ಯಾಟ್, 2 ಓಮ್‌ನಲ್ಲಿ 105, ಬ್ರಿಡ್ಜ್ ಮಾಡಿದರೆ 4 ಓಮ್‌ನಲ್ಲಿ 210 ಎಂದು ಬರೆದಿದೆ. 25 ಆಂಪಿಯರ್‌ನ ಎರಡು ಫ್ಯೂಸ್ ಇವೆ. ಎರಡು ಚಾನೆಲ್ ಬಾಗಿಲಿಗೆ, ಉಳಿದ ಎರಡನ್ನು ಬ್ರಿಡ್ಜ್ ಮಾಡಿ ಸಬ್‌ಗೆ ಕೊಟ್ಟಿದ್ದಾರೆ. ಸಬ್‌ನ ಎರಡು ಪ್ಲಸ್ ಒಟ್ಟಿಗೆ, ಎರಡು ಮೈನಸ್ ಒಟ್ಟಿಗೆ ಕಟ್ಟಿದ್ದಾರೆ. ಮೊದಲಿಂದಲೂ ಅರ್ಧ ಗಂಟೆ ಜೋರಾಗಿ ಹಾಕಿದರೆ ಆಂಪ್ ಆಫ್ ಆಗಿ, ಸ್ವಲ್ಪ ಹೊತ್ತಿಗೆ ತಾನಾಗೇ ಬರುತ್ತಿತ್ತು. ಹೋದ ತಿಂಗಳು ಒಂದು ದಿನ ಸುಟ್ಟ ವಾಸನೆ ಬಂತು. ಆಮೇಲೆ ಆಂಪ್ ಆಫ್ ಆಗೋದು ನಿಂತುಹೋಯಿತು, ಆದರೆ ಬೇಸ್ ಕಮ್ಮಿಯಾಗಿ ಕರಕರ ಸದ್ದು ಶುರುವಾಯಿತು. ಮಲ್ಟಿಮೀಟರ್ ಇಟ್ಟರೆ ಒಂದು ಕಾಯಿಲ್ 3.5 ತೋರಿಸುತ್ತದೆ, ಇನ್ನೊಂದು ಏನೂ ತೋರಿಸಲ್ಲ. ಅಂಗಡಿಯವರು ‘ಆಂಪ್ ಚಿಕ್ಕದು ಸರ್, ಕಮ್ಮಿ ಪವರ್ ಕೊಟ್ರೆ ಸಬ್ ಸುಟ್ಟೇ ಸುಡುತ್ತೆ, ದೊಡ್ಡ ಮೊನೊಬ್ಲಾಕ್ (ಒಂದೇ ಚಾನೆಲ್‌ನ ಆಂಪ್) ಹಾಕ್ಸಿ’ ಅಂತಾರೆ. ನನ್ನ ಭಾವಮೈದ ‘ದೊಡ್ಡದು ಹಾಕಿದ್ರೆ ಇನ್ನೂ ಬೇಗ ಸುಡುತ್ತೆ’ ಅಂತಾನೆ. ಬೇಸ್ ಬಡಿದಾಗ ಹೆಡ್‌ಲೈಟ್ ಬೇರೆ ಮಂಕಾಗುತ್ತದೆ, ಅದಕ್ಕೆ ಕೆಪಾಸಿಟರ್ ಹಾಕಿಸಬೇಕಂತೆ. 15,000 ರೂಪಾಯಿ ಮೀರಿ ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬಿಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ವಾಸನೆ ಬಂದ ಮೇಲೆ ಆಂಪ್ ಆಫ್ ಆಗೋದು ನಿಂತಿತು ಎಂದು ಬರೆದಿದ್ದೀರಲ್ಲ, ಆ ಒಂದು ಸಾಲು ಓದಿದಾಗಲೇ ನನಗೆ ಮುಕ್ಕಾಲು ಪಾಲು ಗೊತ್ತಾಯಿತು. ರಿಪೇರಿ ತಾನಾಗೇ ಆಗಿದ್ದಲ್ಲ ಅದು. ಸಬ್‌ನ ಒಂದು ಕಾಯಿಲ್ ಸತ್ತು, ಆಂಪಿನ ತಲೆ ಮೇಲಿದ್ದ ಹೊರೆ ಅರ್ಧಕ್ಕೆ ಇಳಿದಿದ್ದು. ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ‘ಕಮ್ಮಿ ಪವರ್ ಕೊಟ್ಟರೆ ಸುಡುತ್ತೆ’ ಅನ್ನುವ ಮಾತನ್ನು ಮುಗಿಸಿಬಿಡೋಣ.

ಈ ಮಾತನ್ನು ನಾನು ಈ ಕೆಲಸಕ್ಕೆ ಬಂದ ದಿನದಿಂದ ಕೇಳುತ್ತಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾಗ ನಾನೂ ಗಿರಾಕಿಗಳಿಗೆ ಹೀಗೇ ಹೇಳಿದ್ದುಂಟು. ಸುಮ್ನೆ ಯೋಚನೆ ಮಾಡಿ. ರಾತ್ರಿ ಮಗು ಹಿಂದಿನ ಸೀಟಿನಲ್ಲಿ ಮಲಗಿದೆ ಅಂತ ನೀವು ವಾಲ್ಯೂಮ್ ಪೂರ್ತಿ ಇಳಿಸಿರುತ್ತೀರಿ. ಆಗ ನಿಮ್ಮ 350 ವ್ಯಾಟ್‌ನ ಸಬ್‌ಗೆ ಹೋಗುವುದು ಒಂದು ವ್ಯಾಟ್ ಕೂಡ ಇರಲ್ಲ. ಕಮ್ಮಿ ಪವರ್ ಕೊಂದುಹಾಕುವುದಾದರೆ ನಿಧಾನವಾಗಿ ಹಾಡು ಕೇಳುವವರ ಸ್ಪೀಕರ್‌ಗಳೆಲ್ಲ ಮೊದಲು ಸಾಯಬೇಕಿತ್ತು, ಅಲ್ವಾ?

ಸ್ಪೀಕರ್ ಸಾಯುವ ದಾರಿ ಎರಡೇ. ಒಂದು, ಕಾಯಿಲ್‌ನ ತಾಮ್ರದ ತಂತಿ ಕಾದು ಅದರ ಮೇಲಿನ ವಾರ್ನಿಷ್ ಸುಡುವುದು. ನಿಮಗೆ ಬಂದ ವಾಸನೆ ಅದೇ. ಇನ್ನೊಂದು, ಕೋನ್ ತನ್ನ ಮಿತಿ ಮೀರಿ ಹಿಂದೆ ಮುಂದೆ ಆಡಿ ಹರಿಯುವುದು, ಇಲ್ಲವೇ ಕಾಯಿಲ್ ಹಿಂದಿನ ಪ್ಲೇಟಿಗೆ ಬಡಿಯುವುದು. ಆಂಪಿನ ಮೇಲೆ ಎಷ್ಟು ವ್ಯಾಟ್ ಬರೆದಿದೆ ಅಂತ ಕಾಯಿಲ್‌ಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬಿಸಿ ಮಾತ್ರ. ಚಿಕ್ಕ ಆಂಪನ್ನು ಮೈಮುರಿಯುವ ಹಾಗೆ ದುಡಿಸಿಯೂ ಆ ಬಿಸಿ ಹುಟ್ಟಿಸಬಹುದು, ದೊಡ್ಡ ಆಂಪಿನ ಗೇನ್ ಎಂಬ ತಿರುಪನ್ನು ಏರಿಸಿಟ್ಟೂ ಹುಟ್ಟಿಸಬಹುದು. ಅದಕ್ಕೇ ಅಂಗಡಿಯವರ ಮಾತೂ ಭಾವಮೈದನ ಮಾತೂ ಅರ್ಧರ್ಧ ನಿಜದ ಹಾಗೆ ಕೇಳಿಸುವುದು.

ಇನ್ನು ಡಬ್ಬಿಯ ಮೇಲಿನ ನಂಬರ್‌ಗಳು. 1400, 2000, ಇವನ್ನು ಮರೆತುಬಿಡಿ. ನಮಗೆ ಬೇಕಾದ್ದು ಆರ್‌ಎಂಎಸ್, ಅಂದರೆ ನಿಲ್ಲಿಸದೆ ಕೊಡಬಲ್ಲ ಅಥವಾ ತಡೆದುಕೊಳ್ಳಬಲ್ಲ ಪವರ್. ಆಂಪಿನ ಪವರ್ ಅಳೆಯಲು ಸಿಟಿಎ-2006 ಎಂಬ ಒಂದು ಕ್ರಮವೂ ಇದೆ, ಮೊದಲು ಇದನ್ನು ಸಿಇಎ-2006 ಅನ್ನುತ್ತಿದ್ದರು. 14.4 ವೋಲ್ಟ್, 4 ಓಮ್, ಸದ್ದಿನ ಒಡಕು 1 ಶೇಕಡಾ ಮೀರಬಾರದು ಎಂಬುದು ಅದರ ನಿಯಮ. ಪುಸ್ತಕದಲ್ಲಿ ಈ ಹೆಸರಿದ್ದರೆ ಆ ನಂಬರನ್ನು ನಂಬಬಹುದು. ಇಲ್ಲದಿದ್ದರೆ ಫ್ಯೂಸ್ ನೋಡಿ. ನಿಮ್ಮದರಲ್ಲಿ 25ರ ಎರಡು, ಒಟ್ಟು 50 ಆಂಪಿಯರ್. ಗಾಡಿ ಓಡುವಾಗ 13.8 ವೋಲ್ಟ್ ಎಂದುಕೊಳ್ಳಿ. ಗುಣಿಸಿದರೆ 690 ವ್ಯಾಟ್ ಒಳಗೆ ಹೋಗುತ್ತದೆ. ಕ್ಲಾಸ್ ಎಬಿ ಆಂಪ್ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯನ್ನು ಮಾತ್ರ ಸದ್ದಿಗೆ ಕೊಟ್ಟು ಉಳಿದದ್ದನ್ನು ಬಿಸಿ ಮಾಡಿ ಕಳೆಯುತ್ತದೆ. ಹಾಗಾಗಿ ಹೊರಗೆ ಬರುವುದು ಹೆಚ್ಚೆಂದರೆ 380 ವ್ಯಾಟ್. ಪುಸ್ತಕದ ಲೆಕ್ಕ ನೋಡಿ: ಬಾಗಿಲಿಗೆ 75ರ ಎರಡು, ಸಬ್‌ಗೆ 210, ಒಟ್ಟು 360. ಸರಿಹೋಯಿತಲ್ಲ? ನಿಮ್ಮ ಆಂಪಿನ ಪುಸ್ತಕ ಸುಳ್ಳು ಹೇಳುತ್ತಿಲ್ಲ. ಸುಳ್ಳು ಹೇಳುತ್ತಿರುವುದು ಅದರ ಮೈಮೇಲಿನ ಸ್ಟಿಕ್ಕರ್.

(ಕೇಳಿದ್ದಲ್ಲ, ಆದರೂ ಹೇಳಿಬಿಡುತ್ತೇನೆ. ಸ್ಟೀರಿಯೊಗಳ ಮೇಲೆ ‘50 ವ್ಯಾಟ್ x 4’ ಅಂತ ಇರುತ್ತದಲ್ಲ, ಅದು ಎಲ್ಲಿಂದ ಬಂತು ಗೊತ್ತಾ? 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ. ಹೆಚ್ಚುಕಮ್ಮಿ 52 ಬರುತ್ತದೆ. ಸದ್ದು ಪೂರ್ತಿ ಒಡೆದು ಚೌಕದ ಅಲೆಯಾದಾಗ ಸಿಗುವ ಪವರ್ ಅದು. ಹಾಡು ಹಾಡಿನ ಹಾಗೆ ಕೇಳಬೇಕಾದರೆ ಅದರ ಅರ್ಧಕ್ಕಿಂತ ಕಮ್ಮಿ, 20 ವ್ಯಾಟ್ ಆಸುಪಾಸು.)

ಈಗ ಓಮ್‌ಗೆ, ಅಂದರೆ ಕರೆಂಟ್‌ಗೆ ಕಾಯಿಲ್ ಒಡ್ಡುವ ತಡೆಗೆ ಬರೋಣ. ನಿಮ್ಮ ಕೇಸಿನಲ್ಲಿ ಎಡವಟ್ಟಾಗಿದ್ದು ಇಲ್ಲೇ.

ಡ್ಯುಯಲ್ ಕಾಯಿಲ್ ಸಬ್ ಅಂದರೆ ಒಂದೇ ಕೋನ್‌ಗೆ ಎರಡು ಕಾಯಿಲ್. 4+4 ಅಂದರೆ ಒಂದೊಂದೂ 4 ಓಮ್. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿದರೆ ಪ್ಯಾರಲಲ್, ಒಟ್ಟು 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕಟ್ಟಿ ಉಳಿದ ಎರಡು ತುದಿ ಆಂಪಿಗೆ ಕೊಟ್ಟರೆ ಸೀರೀಸ್, ಒಟ್ಟು 8 ಓಮ್. 4+4ರಲ್ಲಿ ಈ ಎರಡೇ ಸಿಗುವುದು. 4 ಓಮ್ ಬೇಕೆಂದರೂ ಸಿಗಲ್ಲ. ಓಮ್ ಕಮ್ಮಿಯಾದಷ್ಟೂ ಆಂಪಿನಿಂದ ಕರೆಂಟ್ ಜಾಸ್ತಿ ಎಳೆಯುತ್ತದೆ, ಪವರ್ ಜಾಸ್ತಿ ಬರುತ್ತದೆ, ಆಂಪ್ ಜಾಸ್ತಿ ಬಿಸಿಯಾಗುತ್ತದೆ.

ಬ್ರಿಡ್ಜ್ ಮಾಡುವುದು ಅಂದರೆ ಎರಡು ಚಾನೆಲ್‌ಗಳನ್ನು ಒಂದೇ ಸ್ಪೀಕರ್‌ನ ಎರಡು ತುದಿಗೆ ನಿಲ್ಲಿಸುವುದು. ಮರ ಕೊಯ್ಯುವ ಉದ್ದ ಗರಗಸ ನೋಡಿದ್ದೀರಲ್ಲ, ಆ ಕಡೆಯವನು ಎಳೆದಾಗ ಈ ಕಡೆಯವನು ಬಿಡುತ್ತಾನೆ. ಹಾಗೆ ಒಂದು ಚಾನೆಲ್ ತಳ್ಳಿದಾಗ ಇನ್ನೊಂದು ಎಳೆಯುತ್ತದೆ. ವೋಲ್ಟೇಜ್ ಎರಡರಷ್ಟಾಗುತ್ತದೆ. ಜೊತೆಗೆ ಇನ್ನೊಂದು ಆಗುತ್ತದೆ, ಅದನ್ನೇ ಬಹಳ ಜನ ಮರೆಯುವುದು: ಒಂದೊಂದು ಚಾನೆಲ್‌ಗೂ ಸ್ಪೀಕರ್‌ನ ಅರ್ಧ ಓಮ್ ಮಾತ್ರ ಕಾಣಿಸುತ್ತದೆ. 4 ಓಮ್ ಸಬ್ ಕೊಟ್ಟರೆ ಪ್ರತಿ ಚಾನೆಲ್‌ಗೆ 2 ಓಮ್. ಅದಕ್ಕೇ ನಿಮ್ಮ ಪುಸ್ತಕದಲ್ಲಿ ಬ್ರಿಡ್ಜ್ ಪವರ್ 210 ಅಂತಿರುವುದು, 2 ಓಮ್‌ನ 105ರ ಎರಡು ಪಟ್ಟು.

ಅಂಗಡಿಯವರು ಕೊಟ್ಟಿದ್ದು 2 ಓಮ್. ಅಂದರೆ ಒಂದೊಂದು ಚಾನೆಲ್‌ಗೂ 1 ಓಮ್. 2 ಓಮ್‌ಗಿಂತ ಕೆಳಗೆ ಹೋಗಬೇಡ ಅಂದಿರುವ ಆಂಪಿಗೆ 1 ಓಮ್ ಕಟ್ಟಿದರೆ ಅದು ಏನು ಮಾಡಬೇಕು? ಕಾಯುತ್ತದೆ, ಅರ್ಧ ಗಂಟೆಗೆ ಕೈಚೆಲ್ಲುತ್ತದೆ. ಓವರ್‌ಲೋಡ್ ಆದಾಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಬೀಳುವುದಿಲ್ಲವೇ, ಅದೇ ಕಥೆ. ಆರು ತಿಂಗಳು ಅದು ‘ಆಗ್ತಿಲ್ಲ’ ಅಂತ ಹೇಳುತ್ತಲೇ ಇತ್ತು. ಆಮೇಲೆ ಒಂದು ಕಾಯಿಲ್ ಸುಟ್ಟು ತುಂಡಾಯಿತು. ಉಳಿದದ್ದು ಒಂದೇ ಕಾಯಿಲ್, 4 ಓಮ್. ಆಂಪಿಗೆ ಬೇಕಾಗಿದ್ದೂ ಅದೇ 4 ಓಮ್! ಆಫ್ ಆಗುವುದು ನಿಂತಿತು. ಸಬ್ ಮಾತ್ರ ಒಂಟಿ ಕಾಯಿಲ್‌ನಲ್ಲಿ ಕುಂಟುತ್ತಾ, ಸುಟ್ಟ ಕಾಯಿಲ್‌ನ ಉಬ್ಬು ಮ್ಯಾಗ್ನೆಟ್ಟಿಗೆ ಉಜ್ಜುತ್ತಾ ಕರಕರ ಅನ್ನತೊಡಗಿತು.

ಆದರೆ ಓಮ್ ತಪ್ಪಾದರೆ ಕಷ್ಟಪಡುವುದು ಆಂಪ್. ಸಬ್ ಯಾಕೆ ಸುಟ್ಟಿತು?

ಕ್ಲಿಪ್ಪಿಂಗ್‌ನಿಂದ. ಆಂಪಿಗೆ ತನ್ನ ಶಕ್ತಿ ಮೀರಿ ಕೇಳಿದಾಗ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ದುಂಡಗಿನ ಅಲೆ ಚೌಕವಾಗುತ್ತದೆ. ಅದೇ ಎತ್ತರದ ದುಂಡು ಅಲೆಗೂ ಚೌಕದ ಅಲೆಗೂ ಹೋಲಿಸಿದರೆ ಚೌಕದ್ದರಲ್ಲಿ ಪವರ್ ಎರಡರಷ್ಟು. 210 ವ್ಯಾಟ್‌ನ ಆಂಪ್ ಪೂರ್ತಿ ಒಡೆದಾಗ 350ರ ಸಬ್ಬನ್ನೂ ದಾಟುವುದು ಹೀಗೆ. ಕೇಳುವವರಿಗೆ ಇದು ಬೇಗ ಗೊತ್ತಾಗಲ್ಲ. ಬಾಗಿಲಿನ ಸ್ಪೀಕರ್ ಒಡೆದರೆ ಕಿವಿಗೆ ಚುಚ್ಚುತ್ತದೆ. ಸಬ್‌ನಲ್ಲಿ ಒಡೆದರೆ ಬೇಸ್ ಇನ್ನೂ ದಪ್ಪವಾದ ಹಾಗೆ ಅನಿಸಿ ಖುಷಿಯೇ ಆಗುತ್ತದೆ!

ಇದಕ್ಕೆ ತುಪ್ಪ ಸುರಿಯುವುದು ಬೇಸ್ ಬೂಸ್ಟ್ ಎಂಬ ಆ ಚಿಕ್ಕ ತಿರುಪು. ನಿಮ್ಮದರಲ್ಲಿ ಅದು ಎಲ್ಲಿದೆ ಅಂತ ಬರೆದಿಲ್ಲ. ಆದರೆ ನನ್ನ ಬಳಿ ಬರುವ ಸುಟ್ಟ ಸಬ್‌ಗಳ ಗಾಡಿಯಲ್ಲಿ ಅದು ಹೆಚ್ಚಾಗಿ ಕೊನೆಗೇ ತಿರುಗಿರುತ್ತದೆ. ಅದರ ಕೊನೆ ಸಾಮಾನ್ಯವಾಗಿ 12 ಡೆಸಿಬಲ್. ಕೇಳಲು ಚಿಕ್ಕ ನಂಬರ್. ಪವರ್ ಲೆಕ್ಕದಲ್ಲಿ ಹೆಚ್ಚುಕಮ್ಮಿ 16 ಪಟ್ಟು. ಆ ಸ್ವರಕ್ಕೆ ಹಾಡು 20 ವ್ಯಾಟ್ ಕೇಳಿದರೆ ಬೂಸ್ಟ್ ಸೇರಿ 300 ದಾಟುತ್ತದೆ. 210ರ ಆಂಪ್ ಎಲ್ಲಿಂದ ತರಬೇಕು? ಒಡೆಯುತ್ತದೆ.

ಇನ್ನೂ ಒಂದು ವಿಷಯ. ತಾಮ್ರ ಬಿಸಿಯಾದಷ್ಟೂ ಅದರ ಓಮ್ ಏರುತ್ತದೆ. 100 ಡಿಗ್ರಿ ಬಿಸಿ ಏರಿದರೆ ಸುಮಾರು 40 ಶೇಕಡಾ ಜಾಸ್ತಿ. ಹಾಗಾದಾಗ ಸಬ್‌ನ ಸದ್ದು ಇಳಿಯುತ್ತದೆ. ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ‘ಏನೋ ಬೇಸ್ ಕಮ್ಮಿಯಾಯ್ತಲ್ಲ’ ಅನಿಸುತ್ತದೆ, ಕೈ ವಾಲ್ಯೂಮ್‌ಗೆ ಹೋಗುತ್ತದೆ. ಕಾದು ಸುಸ್ತಾಗಿರುವ ಕಾಯಿಲ್‌ಗೆ ಇನ್ನಷ್ಟು ಬಿಸಿ. ಜೋರಾಗಿ ಕೇಳಿ ಒಂದು ಗಂಟೆಯಾದ ಮೇಲೆ ಬೇಸ್ ಸಪ್ಪೆ ಅನಿಸಿದರೆ ಇಳಿಸಬೇಕು, ಏರಿಸಬಾರದು.

ಪೋರ್ಟ್ ಬಾಕ್ಸ್ ಕೂಡ ಒಂದು ಕಾರಣ ಇರಬಹುದು. ಪೋರ್ಟ್ ಯಾವ ಸ್ವರಕ್ಕೆ ಟ್ಯೂನ್ ಆಗಿದೆಯೋ ಅದರ ಕೆಳಗೆ ಒಳಗಿನ ಗಾಳಿ ಕೋನನ್ನು ಹಿಡಿಯುವುದೇ ಇಲ್ಲ, ಅದು ಬೇಕಾಬಿಟ್ಟಿ ಆಡುತ್ತದೆ. ಇದಕ್ಕೆ ಆ ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಬೇಕು. ಮೊನೊಬ್ಲಾಕ್‌ಗಳಲ್ಲಿ ಹೆಚ್ಚಾಗಿ ಇರುತ್ತದೆ, ನಾಲ್ಕು ಚಾನೆಲ್ ಆಂಪ್‌ಗಳಲ್ಲಿ ಎಷ್ಟೋ ಸಲ ಇರಲ್ಲ.

ಸರಿ, ಈಗ ಏನು ಮಾಡುವುದು. ಹೇಗಿದ್ದರೂ ಸಬ್ ಹೋಗಿದೆ. ಉಳಿದ ಒಂದು ಕಾಯಿಲ್‌ನಲ್ಲಿ ಓಡಿಸಬೇಡಿ. ಸುಟ್ಟ ಕಾಯಿಲ್ ಒಳಗೆ ಬಿಚ್ಚಿಕೊಂಡು ಶಾರ್ಟ್ ಆದರೆ ಆಂಪ್ ಕೂಡ ಹೋಗುತ್ತದೆ. ಇಲ್ಲಿ ಎಲ್ಲರೂ ಯೋಚಿಸುವುದು ‘ಈ ಸಬ್‌ಗೆ ಯಾವ ಆಂಪ್’ ಅಂತ. ನಿಮ್ಮ ಹತ್ತಿರ ಚೆನ್ನಾಗಿರುವ ಆಂಪ್ ಇದೆ, ಹೋಗಿರುವುದು ಸಬ್. ಹಾಗಾಗಿ ಪ್ರಶ್ನೆ ತಿರುಗಿಸಿ: ಈ ಆಂಪಿಗೆ ಯಾವ ಸಬ್?

ನನ್ನ ಉತ್ತರ, 2+2 ಓಮ್‌ನ ಡ್ಯುಯಲ್ ಕಾಯಿಲ್ ಸಬ್, ಅಥವಾ 4 ಓಮ್‌ನ ಒಂಟಿ ಕಾಯಿಲ್ ಸಬ್. 2+2ನ್ನು ಸೀರೀಸ್‌ನಲ್ಲಿ ಕಟ್ಟಿದರೆ 4 ಓಮ್. ಆಂಪಿನ ಪೂರ್ತಿ 210 ವ್ಯಾಟ್ ಸಿಗುತ್ತದೆ, ಅದೂ ಮಿತಿಯೊಳಗೆ. ಸಬ್ 250ರಿಂದ 300 ಆರ್‌ಎಂಎಸ್‌ದಾದರೆ ಸಾಕು. ಪೋರ್ಟ್ ಇಲ್ಲದ ಸೀಲ್ಡ್ ಬಾಕ್ಸ್ ತೆಗೆದುಕೊಳ್ಳಿ. ಡಿಕ್ಕಿಯಲ್ಲಿ ಜಾಗವೂ ಉಳಿಯುತ್ತದೆ, ಫಿಲ್ಟರ್ ಇಲ್ಲದ ಭಯವೂ ಇಲ್ಲ. ನಿಮ್ಮ 15,000ದಲ್ಲಿ ಇದಕ್ಕೆ ದಾರಿ ಸಿಗುತ್ತದೆ, ವೈರಿಂಗ್ ಸರಿಮಾಡಿಸಲೂ ಉಳಿಯಬೇಕು. ಅಪಾಯ ಒಂದೇ. ಅದೇ ಅಂಗಡಿಯ ಅದೇ ಹುಡುಗ ಅಭ್ಯಾಸಬಲದಿಂದ ಇದನ್ನೂ ಪ್ಯಾರಲಲ್ ಕಟ್ಟಿದರೆ 1 ಓಮ್. ಪ್ರತಿ ಚಾನೆಲ್‌ಗೆ ಅರ್ಧ ಓಮ್! ಆಗ ಆಂಪ್ ಅರ್ಧ ಗಂಟೆ ಕೂಡ ತಡೆಯುವುದಿಲ್ಲ.

ಇದೇ 4+4 ಸಬ್ ಮತ್ತೆ ತರುವುದು, ಅಥವಾ ಹಳೆಯದಕ್ಕೇ ರೀಕೋನ್ ಮಾಡಿಸಿ ಹೊಸ ಕಾಯಿಲ್ ಹಾಕಿಸುವುದು ಇನ್ನೊಂದು ದಾರಿ. ಸೀರೀಸ್ ಕಟ್ಟಿ, 8 ಓಮ್. ಆಗ ಪ್ರತಿ ಚಾನೆಲ್‌ಗೆ 4 ಓಮ್, ಸಿಗುವುದು 75ರ ಎರಡು, ಅಂದರೆ 150 ವ್ಯಾಟ್. ‘350ರ ಸಬ್‌ಗೆ 150 ಮಾತ್ರವಾ’ ಅಂತ ಬೇಜಾರಾಗಬೇಡಿ. 150ಕ್ಕೂ 210ಕ್ಕೂ ಕಿವಿಗೆ ಇರುವ ಅಂತರ ಒಂದೂವರೆ ಡೆಸಿಬಲ್, ಅಕ್ಕಪಕ್ಕ ಇಟ್ಟು ಕೇಳಿದರೆ ಮಾತ್ರ ಗೊತ್ತಾಗುವಂಥದ್ದು. ಪೂರ್ತಿ 350 ಕೊಟ್ಟರೂ 150ಕ್ಕಿಂತ ನಾಲ್ಕು ಡೆಸಿಬಲ್ ಕೂಡ ಏರಲ್ಲ. ಸದ್ದು ಎರಡು ಪಟ್ಟು ಅನಿಸಬೇಕಾದರೆ ಪವರ್ ಹತ್ತು ಪಟ್ಟು ಬೇಕು. ಆಂಪ್ ಇಲ್ಲಿ ತಣ್ಣಗೆ ಕೂತಿರುತ್ತದೆ, ಎಷ್ಟು ವರ್ಷವಾದರೂ. ಇದರ ತೊಂದರೆ ಏನೆಂದರೆ ಮನುಷ್ಯರ ಆಸೆ. 150 ಸಾಲದು ಅನಿಸಿ ಗೇನ್ ತಿರುಗಿಸಲು ಶುರು ಮಾಡಿದರೆ ಮತ್ತೆ ಕ್ಲಿಪ್ಪಿಂಗ್. ರೀಕೋನ್ ಮಾಡಿಸುವುದಾದರೆ ಅದೇ ಕಂಪನಿಯ ಕಾಯಿಲ್ ಸಿಗುತ್ತದಾ ಕೇಳಿ. ಕೈಯಲ್ಲಿ ಸುತ್ತಿದ ಕಾಯಿಲ್‌ನ ಓಮ್ ಹೇಗಿರುತ್ತದೋ, ಅಳೆದೇ ನೋಡಬೇಕು.

ಮೂರನೆಯದು ಅಂಗಡಿಯವರು ಹೇಳಿದ್ದು, ಮೊನೊಬ್ಲಾಕ್. 4+4 ಸಬ್ ಪ್ಯಾರಲಲ್ ಕಟ್ಟಿ 2 ಓಮ್ ಮಾಡಿ, 2 ಓಮ್‌ನಲ್ಲಿ 350 ಆಸುಪಾಸು ಕೊಡುವ, ಎಬಿಗಿಂತ ಕಮ್ಮಿ ಬಿಸಿಯಾಗುವ ಕ್ಲಾಸ್ ಡಿ ಆಂಪ್. ತಪ್ಪಲ್ಲ. ತಾಂತ್ರಿಕವಾಗಿ ಇದೇ ಸೊಗಸಾದ ಜೋಡಿ. ಭಾವಮೈದನ ಹೆದರಿಕೆಗೂ ಅರ್ಥ ಇಲ್ಲ. ಸಬ್‌ನ ಆರ್‌ಎಂಎಸ್‌ಗಿಂತ ಆಂಪ್ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದೇ, ಗೇನ್ ಸರಿಯಾಗಿ ಇಟ್ಟರೆ ಅದು ಉಸಿರು ಬಿಗಿಹಿಡಿಯದೆ ಕೆಲಸ ಮಾಡುತ್ತದೆ. ಆದರೆ ಆಂಪ್, ಸಬ್ ಎರಡನ್ನೂ ತರಬೇಕು, ದಪ್ಪ ವೈರ್ ಎಳೆಸಬೇಕು. ನಿಮ್ಮ ಬಜೆಟ್‌ನಲ್ಲಿ ಇಷ್ಟೂ ಮಾಡಲು ಹೋದರೆ ಎಲ್ಲೋ ಒಂದು ಕಡೆ ಕಳಪೆ ನುಗ್ಗುತ್ತದೆ. ಹೆಚ್ಚಾಗಿ ಅದು ವೈರ್ ಆಗಿರುತ್ತದೆ. ಈಗಲೇ ಬೇಡ ಅನ್ನುತ್ತೇನೆ.

ಯಾವ ಸಬ್ ತಂದರೂ ಗೇನ್ ಸರಿಯಾಗಿ ಇಡದಿದ್ದರೆ ಆರು ತಿಂಗಳಿಗೆ ಮತ್ತೆ ಪತ್ರ ಬರೆಯುತ್ತೀರಿ. ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊ ಎಷ್ಟು ಮೆಲ್ಲಗೆ ಮಾತಾಡಿದರೆ ಆಂಪ್ ಪೂರ್ತಿ ದನಿ ಎತ್ತಬೇಕು ಎಂದು ಹೇಳುವ ತಿರುಪು ಅದು. ಕೊನೆಗೆ ತಿರುಗಿಸಿಟ್ಟರೆ ಸ್ಟೀರಿಯೊದ ವಾಲ್ಯೂಮ್ 12 ಆಗುವಷ್ಟರಲ್ಲೇ ಆಂಪ್ ಪೂರ್ತಿ ಕೂಗುತ್ತಿರುತ್ತದೆ. ಅಲ್ಲಿಂದ ಮೇಲೆಲ್ಲ ಒಡಕೇ. ಅಂಗಡಿಯಲ್ಲಿ ಹೀಗೆ ಇಟ್ಟು ಕೊಡುವುದಕ್ಕೆ ಕಾರಣ ಇದೆ. ವಾಲ್ಯೂಮ್ ಸ್ವಲ್ಪ ತಿರುಗಿಸಿದರೇ ಗಾಡಿ ನಡುಗಿದರೆ ಗಿರಾಕಿ ಖುಷಿಯಿಂದ ದುಡ್ಡು ಕೊಡುತ್ತಾನೆ.

ನಿಮ್ಮ ಬಳಿ ಮಲ್ಟಿಮೀಟರ್ ಇದೆಯಲ್ಲ, ಅದು ಸಾಕು. 50 ಹರ್ಟ್ಸ್‌ನ ಟೆಸ್ಟ್ ಟೋನನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸ್ಪೀಕರ್ ವೈರ್‌ಗಳನ್ನು ಆಂಪಿನಿಂದ ಬಿಚ್ಚಿ. ಬೇಸ್ ಬೂಸ್ಟ್ ಸೊನ್ನೆ, ಸ್ಟೀರಿಯೊದ ಇಕ್ವಲೈಜರ್ ಫ್ಲ್ಯಾಟ್, ಲೌಡ್‌ನೆಸ್ ಆಫ್. ಆಂಪಿನ ಲೋ ಪಾಸ್ (ಮೇಲಿನ ಸ್ವರ ತಡೆಯುವ ಫಿಲ್ಟರ್) 80 ಹರ್ಟ್ಸ್. ಗೇನ್ ಪೂರ್ತಿ ಕೆಳಗೆ. ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಡಿ, 40ರವರೆಗೆ ಇದ್ದರೆ 30ಕ್ಕೆ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಂಪಿನ ಬ್ರಿಡ್ಜ್ ಟರ್ಮಿನಲ್‌ಗಳಿಗೆ ಇಡಿ. ಈಗ ಮೆಲ್ಲಗೆ ಗೇನ್ ಏರಿಸಿ. ಎಷ್ಟಕ್ಕೆ ನಿಲ್ಲಿಸಬೇಕು? ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 210ನ್ನು 4ರಿಂದ ಗುಣಿಸಿದರೆ 840, ವರ್ಗಮೂಲ 29. ಇದು ಆಂಪಿನ ಅಂಚು. ನಾನಾದರೆ 26ಕ್ಕೇ ನಿಲ್ಲಿಸುತ್ತೇನೆ. ಕಳೆದುಕೊಳ್ಳುವುದು ಒಂದು ಡೆಸಿಬಲ್, ಉಳಿಯುವುದು ಸಬ್. 8 ಓಮ್‌ನ ದಾರಿ ಹಿಡಿದರೆ ಅಂಚು 34 ಚಿಲ್ಲರೆ, 31ಕ್ಕೆ ನಿಲ್ಲಿಸಿ.

ಬಾಗಿಲಿನ ಚಾನೆಲ್‌ಗಳಿಗೂ ಹೀಗೇ, ಆದರೆ ಟೋನ್ 1000 ಹರ್ಟ್ಸ್‌ನದು. 60 ವ್ಯಾಟ್‌ನ 4 ಓಮ್ ಸ್ಪೀಕರ್‌ಗೆ 15 ವೋಲ್ಟ್. ಬೇಸ್ ತಡೆಯುವ ಹೈ ಪಾಸ್ ಫಿಲ್ಟರನ್ನು 80ಕ್ಕೆ ಇಡುವುದನ್ನು ಮರೆಯಬೇಡಿ. 60ರ ಸ್ಪೀಕರ್‌ಗೆ 75ರ ಆಂಪ್ ಅಂತ ಹೆದರಬೇಕಿಲ್ಲ. ಬೇಸ್ ಹೋಗದಿದ್ದರೆ ಅವು ಆರಾಮಾಗಿರುತ್ತವೆ. ಆಮೇಲೆ ವೈರ್ ಸಿಗಿಸಿ ಒಂದು ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿ. ಹೊಡೆತ ಬಿದ್ದ ಮೇಲೆ ಅದು ಅಲ್ಲಿಗೇ ನಿಲ್ಲಬೇಕು. ಗುಂಯ್ ಅಂತ ಎಳೆಯುತ್ತಿದ್ದರೆ ಬೇಸ್ ಜಾಸ್ತಿಯಾಗಿದೆ ಅಂತಲೇ.

ಹೆಡ್‌ಲೈಟ್ ಮಂಕಾಗುವುದಕ್ಕೆ ಕೆಪಾಸಿಟರ್ ಬೇಡ. 1 ಫ್ಯಾರಡ್‌ನ ಕೆಪಾಸಿಟರ್ 14 ವೋಲ್ಟ್‌ನಿಂದ 12ಕ್ಕೆ ಇಳಿಯುವಾಗ ಕೊಡುವುದು 26 ಜೂಲ್ ಶಕ್ತಿ. ನಿಮ್ಮ ಆಂಪ್ ಪೂರ್ತಿ ದುಡಿಯುವಾಗ ಸೆಕೆಂಡಿಗೆ 600ಕ್ಕಿಂತ ಜಾಸ್ತಿ ತಿನ್ನುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಆಮೇಲೆ ಅದನ್ನು ತುಂಬಿಸುವುದೂ ಅದೇ ಆಲ್ಟರ್ನೇಟರೇ ತಾನೆ? ಲೈಟ್ ಮಂಕಾಗಲು 1 ಓಮ್ ವೈರಿಂಗ್ ಕೂಡ ಕಾರಣ. ಅದು ಸರಿಯಾದರೆ ಅರ್ಧ ತೊಂದರೆ ಹೋಗುತ್ತದೆ.

ಉಳಿದದ್ದಕ್ಕೆ ವೈರ್ ನೋಡಿ. ಬ್ಯಾಟರಿಯಿಂದ ಡಿಕ್ಕಿಗೆ ಸುಮಾರು 5 ಮೀಟರ್. 50 ಆಂಪಿಯರ್ ಹರಿಯುವಾಗ 4 ಗೇಜ್‌ನ ಅಪ್ಪಟ ತಾಮ್ರದಲ್ಲಿ ಕಳೆದುಹೋಗುವುದು 0.2 ವೋಲ್ಟ್. ಅದಕ್ಕಿಂತ ತೆಳುವಾದ 8 ಗೇಜ್‌ನದಾದರೆ ಅರ್ಧ ವೋಲ್ಟ್. ಅದೇ 8 ಗೇಜ್ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆದರೆ 0.8ರ ಹತ್ತಿರ. ಕಿಟ್‌ನಲ್ಲಿ ಬರುವ ಅಗ್ಗದ ವೈರ್ ಹೆಚ್ಚಾಗಿ ಇದೇ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. (ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ಅದು ತವರ ಲೇಪಿಸಿದ ತಾಮ್ರ, ಒಳ್ಳೆಯದು.) ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯಾ ನೋಡಿ. ಇಲ್ಲದಿದ್ದರೆ ಇವತ್ತೇ ಹಾಕಿಸಿ. ವೈರ್ ಎಲ್ಲಾದರೂ ಗಾಡಿಯ ಲೋಹದ ಮೈಗೆ ಉಜ್ಜಿ ಶಾರ್ಟ್ ಆದರೆ ಗಾಡಿಗೆ ಬೆಂಕಿ ಬೀಳುವುದನ್ನು ತಡೆಯುವುದು ಆ ಫ್ಯೂಸ್ ಒಂದೇ. ಅರ್ಥ್ ವೈರ್ ಕೂಡ ಅಷ್ಟೇ ದಪ್ಪ ಇರಬೇಕು, ಒಂದೂವರೆ ಅಡಿಗಿಂತ ಉದ್ದ ಬೇಡ, ಪೇಂಟ್ ಕೆರೆದು ಬರೀ ಲೋಹಕ್ಕೆ ಬಿಗಿಯಬೇಕು. ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಲು ಬಿಡಬೇಡಿ.

ಕೊನೆಯದಾಗಿ ನನ್ನದೇ ಒಂದು ಎಡವಟ್ಟು. ಎಷ್ಟೋ ವರ್ಷದ ಹಿಂದೆ ಒಂದು ಕ್ವಾಲಿಸ್‌ಗೆ ಡ್ಯುಯಲ್ ಕಾಯಿಲ್ ಸಬ್ ಹಾಕಿದ್ದೆ. ಆಂಪ್ ಕಾಯುತ್ತಿತ್ತು, ಬೇಸ್ ಮಾತ್ರ ಇಲ್ಲ. ಬೇರೆ ಆಂಪ್ ತಂದು ಹಾಕಿದೆ, ಬಾಕ್ಸ್ ಬದಲಿಸಿದೆ, ಗಿರಾಕಿ ಮೂರು ಸಲ ಟೀ ಕುಡಿದರು. ಸಂಜೆ ಹೊತ್ತಿಗೆ ನೋಡಿದರೆ ಒಂದು ಕಾಯಿಲ್‌ನ ಪ್ಲಸ್ ಮೈನಸ್ ಅದಲುಬದಲು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಎರಡು ಕಾಯಿಲ್ ಒಂದನ್ನೊಂದು ಎಳೆದಾಡಿ ಕೋನ್ ಅಲ್ಲಾಡದೆ ನಿಂತಿತ್ತು, ಕರೆಂಟೆಲ್ಲ ಬಿಸಿಯಾಗಿ ಹೋಗುತ್ತಿತ್ತು. ಅಂದಿನಿಂದ ಟಾರ್ಚಿನ 1.5 ವೋಲ್ಟ್ ಸೆಲ್ ಒಂದು ಜೇಬಿನಲ್ಲಿರುತ್ತದೆ. ಸೆಲ್ಲಿನ ಪ್ಲಸ್ಸನ್ನು ಕಾಯಿಲ್‌ನ ಪ್ಲಸ್‌ಗೆ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಎರಡೂ ಕಾಯಿಲ್‌ಗೆ ಹಾಗೇ ಆಗಬೇಕು.

ಹೊಸ ಸಬ್ ಕೂರಿಸುವ ದಿನ ನಿಮ್ಮ ಮಲ್ಟಿಮೀಟರನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಮೊದಲು ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, 0.2ವೋ 0.3ವೋ ತೋರಿಸುತ್ತದೆ, ಅದನ್ನು ಕಳೆಯಿರಿ. ಆಮೇಲೆ, ಸಬ್ ಬಾಕ್ಸಿನಿಂದ ಬಂದ ಎರಡು ವೈರ್‌ಗಳನ್ನು ಆಂಪಿಗೆ ಸಿಗಿಸುವ ಮೊದಲು ಅವುಗಳ ಮಧ್ಯೆ ಓಮ್ ನೋಡಿ. ಮೀಟರ್ ಯಾವಾಗಲೂ ಬರೆದದ್ದಕ್ಕಿಂತ ಸ್ವಲ್ಪ ಕಮ್ಮಿಯೇ ತೋರಿಸುತ್ತದೆ. ನಿಮ್ಮ 4 ಓಮ್ ಕಾಯಿಲ್ 3.5 ತೋರಿಸಿತಲ್ಲ, ಹಾಗೆ. 2+2 ಸಬ್ ತಂದು 3.3ರಿಂದ 3.8ರ ಒಳಗೆ ಬಂದರೆ ಸಿಗಿಸಲಿ. 1ರ ಹತ್ತಿರ ಬಂದರೆ ‘ಬಾಕ್ಸ್ ಬಿಚ್ಚಪ್ಪಾ, ಸೀರೀಸ್ ಕಟ್ಟು’ ಅನ್ನಿ. ಅವರು ‘ಏನೂ ಆಗಲ್ಲ ಸರ್’ ಅಂದರೂ ಬಿಚ್ಚಿಸಿಯೇ ಎದ್ದು ಬನ್ನಿ.